718 ಕೇಮನ್: ಚೋರ್ಲಾ ಘಾಟಿಗೂ ಟ್ರ್ಯಾಕ್‌ಗೂ ಬ್ರೇಕ್ ಹೆಂಗ ಹೊಂದಿಸೂದು?

ಟಿಳಕವಾಡಿ_ಫ್ಲಾಟ್‌ಫೋರ್

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2018ರ ಪೋರ್ಷೆ 718 ಕೇಮನ್, 2.0 ಟರ್ಬೊ, ಪಿಡಿಕೆ ಆಟೊಮ್ಯಾಟಿಕ್ ಗೇರ್, 18 ಇಂಚಿನ ಗಾಲಿ. ಬ್ರೇಕ್ ಎಲ್ಲಾ ಕಂಪನಿದ್ದ ಐತಿ. ಮುಂದ 330 ಮಿಮೀ, ಹಿಂದ 299 ಮಿಮೀ ತೂತಿನ ಡಿಸ್ಕ್, ನಾಕೂ ಗಾಲಿಗೆ 4 ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೂ ಭಾಗ).

ಓಡಾಟ ಹೆಚ್ಚಾಗಿ ಬೆಳಗಾವಿ ಊರಾಗ, ಆಗಾಗ ಜಾಂಬೋಟಿ–ಚೋರ್ಲಾ ಮ್ಯಾಲಿಂದ ಗೋವಾ. ವರ್ಷಕ್ಕ ಒಂದೋ ಎರಡೋ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಾಗ ನಮ್ಮ ಗಾಡಿ ಓಡಿಸೂ ದಿನ), ಕೊಯಮತ್ತೂರಿನ ಕರಿ ಟ್ರ್ಯಾಕ್ ಇಲ್ಲಾ ಚೆನ್ನೈ ಹತ್ರದ ಇರುಂಗಾಟ್ಟುಕೋಟ್ಟೈ.

ತ್ರಾಸ ಏನಂದ್ರ, ಟ್ರ್ಯಾಕಿನಾಗ ನಾಕನೇ ಲ್ಯಾಪ್ ಹೊತ್ತಿಗೆ ಪೆಡಲ್ ಮೆತ್ತಗಾಗಿ ಕೆಳಗ ಹೋಗ್ತೈತಿ. ಎರಡ ಸಲ ಪಂಪ್ ಮಾಡಿದ್ರ ಮತ್ತ ಮ್ಯಾಲ ಬರ್ತೈತಿ. ತಣ್ಣಗಾದ ಮ್ಯಾಲೂ ಮೊದಲಿನ ಗಟ್ಟಿತನ ಉಳದಿಲ್ಲ. ಬ್ರೇಕ್ ಆಯಿಲ್ ಬದಲಿಸಿ ಎರಡ ವರ್ಷ ದಾಟೈತಿ. ಮುಂದಿನ ಪ್ಯಾಡ್ ಮಸಾಲಾ 6 ಮಿಮೀ ಉಳದೈತಿ. ಡಿಸ್ಕಿನ ತೂತಿನ ಸುತ್ತ ಸಣ್ಣ ಸಣ್ಣ ಬಿರುಕು ಕಾಣ್ತಾವ, 110ರಾಗ ಬ್ರೇಕ್ ಹಾಕಿದ್ರ ಸ್ಟೇರಿಂಗ್ ನಡುಗತೈತಿ.

ವಿಚಾರ ಹಿಂಗ ಮಾಡೇನಿ: ಮುಂದ 355 ಮಿಮೀ ಡಿಸ್ಕಿನ 6 ಪಿಸ್ಟನ್ ಕಿಟ್, ಉದ್ಯಮಬಾಗದಾಗ ಹೈಡ್ರಾಲಿಕ್ ಪೈಪ್ ಮಾಡೂ ಅಂಗಡಿಯಾಗ ಸ್ಟೀಲ್ ಜಾಳಿಗಿ ಪೈಪ್ ಮಾಡಸೂದು, ರೋಡಿಗೂ ಟ್ರ್ಯಾಕಿಗೂ ನಡಿಯೂ ಒಂದ ಪ್ಯಾಡ್. ಸರಿ ಐತೇನ್ರಿ? ಮೊದಲ ಯಾವುದಕ್ಕ ರೊಕ್ಕ ಹಾಕ್ಲಿ?

ಗುಮ್ಮಟನಗರಿ_ಟಾರ್ಕ್ (ವಿಜಯಪುರ)

ಕಿಟ್ ಸದ್ಯಕ್ಕ ಬಿಡ್ರಿ ಸರ. ನೀವು ಬರದ ಲಕ್ಷಣಕ್ಕೂ ಡಿಸ್ಕಿನ ಅಳತೆಗೂ ಸಂಬಂಧ ಕಡಿಮಿ. ಆಯಿಲ್ ಕುದ್ದದ.

ಟ್ರ್ಯಾಕಿನಾಗ ಬ್ರೇಕ್ ಯಾವ ರೀತಿ ಕೈಕೊಡ್ತು ಅನ್ನೂದನ್ನ ಕಾಲಿಲೇ ಗುರುತಿಸಬಹುದು. ಪೆಡಲ್ ಮೆತ್ತಗಾಗಿ ಒಳಗ ಹೋದ್ರ ಕ್ಯಾಲಿಪರ್ ಒಳಗಿನ ಆಯಿಲ್ ಆವಿ ಆಗೇದ. ಆಯಿಲ್ ಒತ್ತಿದ್ರ ಕುಗ್ಗೂದಿಲ್ಲ, ಆವಿ ಕುಗ್ಗತದ, ನಿಮ್ಮ ಒತ್ತಡ ಎಲ್ಲಾ ಅಲ್ಲೇ ಮುಗೀತದ. ಪೆಡಲ್ ಕಲ್ಲಿನಂಗ ಗಟ್ಟಿ ಇದ್ದು, ಎಷ್ಟು ತುಳದ್ರೂ ಗಾಡಿ ನಿಲ್ಲಲಿಲ್ಲಂದ್ರ ಅದು ಪ್ಯಾಡಿನ ಕಥಿ. ಪ್ಯಾಡ್ ತನ್ನ ಮಿತಿ ದಾಟಿ ಕಾದು ಹಿಡಿತ ಬಿಟ್ಟದ. ಮೊದಲನೇದಕ್ಕ ಪ್ಯಾಡ್ ಬದಲಿಸಿ ಉಪಯೋಗ ಇಲ್ಲ, ಎರಡನೇದಕ್ಕ ಆಯಿಲ್ ಬದಲಿಸಿ ಉಪಯೋಗ ಇಲ್ಲ. ಬಹಳ ಮಂದಿ ಇಲ್ಲೇ ತಪ್ಪಿ ರೊಕ್ಕ ಕಳೀತಾರ.

ಮೂರನೇದೊಂದು ಅದ, ಅದಕ್ಕೂ ಪಂಪ್ ಮಾಡಿದ್ರ ಪೆಡಲ್ ಮ್ಯಾಲ ಬರ್ತದ. ಟ್ರ್ಯಾಕ್ ಅಂಚಿನ ಕರ್ಬ್ ಮ್ಯಾಲ ಗಾಲಿ ಹತ್ತಿಸಿದಾಗ ಇಲ್ಲಾ ಹಬ್ ಬೇರಿಂಗ್ ಸಡಿಲ ಇದ್ದಾಗ ಡಿಸ್ಕ್ ಅಲಗಾಡಿ ಪಿಸ್ಟನ್‌ಗಳನ್ನ ಹಿಂದ ದೂಡ್ತದ. ಹಂಗಾಗಿ ಮೊದಲನೇ ತುಳಿತ ಉದ್ದ ಹೋಗಿ ಎರಡನೇದು ಪೂರ್ತಿ ಗಟ್ಟಿ ಸಿಗ್ತದ. ಇದು ಬ್ರೇಕ್ ತಣ್ಣಗಿದ್ದಾಗ, ಎರಡನೇ ಲ್ಯಾಪಿನಾಗೂ ಆಗಬಹುದು. ನಿಮ್ಮದು ಕಾದ ಮ್ಯಾಲೇ ಶುರುವಾಗಿ, ಆರಿದ ಮ್ಯಾಲೂ ಮೆತ್ತಗ ಉಳದದ, ಅದಕ್ಕ ಆಯಿಲ್ ಅಂತೀನಿ. ಆದ್ರೂ ಗಾಡಿ ಎತ್ತಿದಾಗ ಗಾಲಿ ಮ್ಯಾಲ-ಕೆಳಗ ಹಿಡದು ಅಲಗಾಡಿಸಿ ಬೇರಿಂಗ್ ನೋಡಿಬಿಡ್ರಿ.

ಯಾಕ ಕುದೀತು ಅಂದ್ರ ಲೆಕ್ಕ ನೋಡ್ರಿ. ಗಾಡಿ, ಡ್ರೈವರ್, ಪೆಟ್ರೋಲ್ ಸೇರಿ 1,450 ಕೆಜಿ. 80ರಿಂದ 40ಕ್ಕ ಇಳಿಸಿದ್ರ ಬ್ರೇಕಿಗೆ ಬರೂ ಶಕ್ತಿ ಸುಮಾರು 0.27 ಮೆಗಾಜೂಲ್. 200ರಿಂದ 80ಕ್ಕ ಇಳಿಸಿದ್ರ 1.9 ಮೆಗಾಜೂಲ್, ಏಳು ಪಟ್ಟು. ಅದರಾಗ ಮೂರನೇ ಎರಡು ಪಾಲು ಮುಂದಿನ ಎರಡು ಡಿಸ್ಕಿಗೆ ಅಂತ ಹಿಡೀರಿ. ಒಂದು ಡಿಸ್ಕ್ 9 ಕೆಜಿ ಅಂದ್ರ ಒಂದೇ ಬ್ರೇಕಿಂಗಿಗೆ ಅದರ ಉಷ್ಣ 130–140 ಡಿಗ್ರಿ ಏರ್ತದ. ಗಾಳಿ ಎಳೆತ ಒಂದಿಷ್ಟು ತಗೊಂಡ್ರೂ ಮುಂದಿನ ತಿರುವಿನೊಳಗ ಅಷ್ಟೂ ಆರೂದಿಲ್ಲ. ಕರಿ ಟ್ರ್ಯಾಕ್ ಬರೇ 2.1 ಕಿಮೀ, ವೇಗ ಕಡಿಮಿ ಇದ್ರೂ ತಿರುವು ಹತ್ರ ಹತ್ರ ಇರೂದಕ್ಕ ಆರೂ ಟೈಮ್ ಇನ್ನೂ ಕಡಿಮಿ.

ಈಗ ಆಯಿಲ್. ಡಾಟ್ 4 ಮಾನದಂಡದಾಗ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಗೆ ಕುದೀಬೇಕು, ಸುಮಾರು 3.7% ನೀರು ಹೀರಿದ್ದು 155ಕ್ಕ. ಎರಡು ಮಳೆಗಾಲ ಕಂಡ ನಿಮ್ಮ ಆಯಿಲ್ ಆ ಎರಡನೇ ಅಂಕಿ ಕಡೆ ಜಾರೇದ. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312, ನೀರು ಹೀರಿದ ಮ್ಯಾಲ 205ರ ಸುಮಾರು. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ನೀರು ಹೀರಿದ್ರೂ 270 ಡಿಗ್ರಿ ತನಕ ತಡೀತದ, ರೇಟ್ ಮಾತ್ರ ಜಗ್ಗಿ. ವರ್ಷಕ್ಕ ಎರಡೇ ಟ್ರ್ಯಾಕ್ ಡೇ ಇದ್ರ ನನ್ನ ಪ್ರಕಾರ ಆರ್‌ಬಿಎಫ್ 600 ಸಾಕು, ಪ್ರತಿ ಸಲ ಹೋಗೂ ಮುಂಚೆ ಬದಲಿಸ್ರಿ. ಡಾಟ್ 5 ಅಂತ ಬರದಿರೂ ಸಿಲಿಕೋನ್ ಆಯಿಲ್ ಮುಟ್ಟಬ್ಯಾಡ್ರಿ. ಅದು 5.1 ಅಲ್ಲ, ಎಬಿಎಸ್ ಗಾಡಿಗೆ ನಡಿಯೂದಿಲ್ಲ.

ಪೂರ್ತಿ ಬದಲಿಗೆ 500 ಎಂಎಲ್‌ದ ಮೂರು ಬಾಟ್ಲಿ ಇಟ್ಕೊಳ್ರಿ. ಡಬ್ಬಿಯೊಳಗಿನ ಹಳೇ ಆಯಿಲ್ ಸಿರಿಂಜಿಲೇ ಎಳದು ಹೊಸದು ತುಂಬ್ರಿ, ಪ್ರೆಶರ್ ಬ್ಲೀಡರ್ (ಒತ್ತಡದಿಂದ ಹೊಸ ಆಯಿಲ್ ದೂಡೂ ಸಾಧನ) 2 ಬಾರ್ ಒಳಗ ಇಡ್ರಿ. ಮಾಸ್ಟರ್ ಸಿಲಿಂಡರಿಂದ ದೂರದ ಗಾಲಿಯಿಂದ ಶುರು. ಈ ಕ್ಯಾಲಿಪರಿಗೆ ಒಳಗೊಂದು ಹೊರಗೊಂದು, ಹಳೇ ಆಯಿಲ್ ಹೊರಗ ಬಿಡೂ ಎರಡೆರಡು ನಿಪಲ್. ಒಳಗಿನದು ಕೈಗೆ ಸರಳ ಸಿಗೂದಿಲ್ಲಂತ ಗ್ಯಾರೇಜಿನವರು ಬಿಟ್ಟುಬಿಡ್ತಾರ, ಅರ್ಧ ಕ್ಯಾಲಿಪರಿನಾಗ ಹಳೇ ಆಯಿಲ್ ಹಂಗೇ ಕೂಡ್ತದ. ಪಕ್ಕ ನಿಂತು ಎಂಟು ನಿಪಲ್ ಎಣಿಸ್ರಿ. ರಿಂಗ್ ಪಾನಾನೇ ಹಾಕಸ್ರಿ. ಕ್ಯಾಲಿಪರ್ ಅಲ್ಯೂಮಿನಿಯಂ, ಜೋರು ಬಿಗಿದ್ರ ಥ್ರೆಡ್ ಹೋಗ್ತದ. ಡಬ್ಬಿ ಖಾಲಿ ಆಗಿ ಗಾಳಿ ಎಬಿಎಸ್ ಪಂಪಿಗೆ ಹೋಯ್ತಂದ್ರ ಸ್ಕ್ಯಾನರ್ ಹಚ್ಚಿ ಪಂಪ್ ಓಡಿಸದ ಹೊರತು ಬರೂದಿಲ್ಲ. ಪೇಂಟ್ ಮ್ಯಾಲ ಬಿದ್ದ ಹನಿ ಒರೆಸಬ್ಯಾಡ್ರಿ, ನೀರು ಹೊಯ್ರಿ. ಸೀಲ್ ಒಡದ ಬಾಟ್ಲಿ ಮುಂದಿನ ಸಲಕ್ಕ ಅಂತ ಎತ್ತಿಡಬ್ಯಾಡ್ರಿ.

ಉದ್ಯಮಬಾಗ_ಎರಕ

ಆಯಿಲ್ ವಿಷಯ ಟಾರ್ಕ್ ಅವರು ಹೇಳ್ಯಾರ. ನಾ ಡಿಸ್ಕ್ ಮತ್ತ ಪೈಪಿಂದ ಅಷ್ಟ ಹೇಳ್ತೇನಿ.

ಮೊದಲ ಪೈಪ್. ಜೆಸಿಬಿ, ಪ್ರೆಸ್ ಮಶೀನಿಗೆ ಪೈಪ್ ಮಾಡೂ ಅಂಗಡಿಯಾಗ ಬ್ರೇಕ್ ಪೈಪ್ ಮಾಡಸಬ್ಯಾಡ್ರಿ. ಆ ಪೈಪಿನ ಒಳಪದರ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್, ಮಿನರಲ್ ಆಯಿಲ್‌ಗಂತ ಮಾಡಿದ್ದು. ಬ್ರೇಕ್ ಆಯಿಲ್ ಗ್ಲೈಕಾಲ್. ಅದು ತಾಗಿದ್ರ ನೈಟ್ರೈಲ್ ಉಬ್ಬತೈತಿ, ಮೆತ್ತಗಾಗತೈತಿ. ಒತ್ತಡ ಎಷ್ಟ ತಡದ್ರೂ ರಬ್ಬರ್ ಉಳಿಯೂದಿಲ್ಲ. ಟೆಫ್ಲಾನ್ ಒಳಪದರದ, ನಿಮ್ಮ ಗಾಡಿ ಮಾಡೆಲ್‌ಗ ಮಾಡಿದ, ರೋಡ್ ಅನುಮೋದನೆ ಇರೂ ಸೆಟ್ ತಗೊಳ್ರಿ, ಇಲ್ಲಾಂದ್ರ ಕಂಪನಿ ರಬ್ಬರ್ ಪೈಪ್ ಇರ್ಲಿ. ಜಾಳಿಗಿ ಪೈಪಿಂದ ಪೆಡಲ್ ಸ್ವಲ್ಪ ಬಿಗಿ ಅನ್ನಸ್ತೈತಿ, ಆಯಿಲ್ ಕುದಿಯೂದು ನಿಲ್ಲೂದಿಲ್ಲ. ಹಾಕಿದ ಮ್ಯಾಲ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಗಾಲಿ ಜೋತುಬಿಟ್ಟು, ಪೈಪ್ ಎಲ್ಲೂ ಜಗ್ಗೂದಿಲ್ಲ, ತಿಕ್ಕೂದಿಲ್ಲ ಅಂತ ನೋಡಬೇಕು. ಇದ ಕಾರಣಕ್ಕ ಕ್ಯಾಲಿಪರ್ ತೊಳಿಯಾಕ ಪೆಟ್ರೋಲ್, ಡೀಸೆಲ್ ಬಳಸಬಾರದು. ಒಳಗಿನ ಸೀಲ್ ಇಪಿಡಿಎಂ ರಬ್ಬರ್, ಅದಕ್ಕ ಮಿನರಲ್ ಆಯಿಲ್ ಆಗೂದಿಲ್ಲ. ಪಿಸ್ಟನ್ ಹತ್ರ ಸಾದಾ ಗ್ರೀಸ್ ಹಚ್ಚೂ ಕೈಗಳನ್ನೂ ತಡೀರಿ.

ಇನ್ನ ನಡುಕ. "ಡಿಸ್ಕ್ ಬೆಂಡ್ ಆಗೈತಿ, ಲೇಥಿಗೆ ಹಾಕೂಣು" ಅಂತಾರ. ಬೆಂಡ್ ಆಗೂದು ಭಾಳ ಅಪರೂಪ. ಕಾದ ಪ್ಯಾಡನ್ನ ಒಂದ ಕಡೆ ಒತ್ತಿಹಿಡದು ನಿಂತಾಗ ಅದರ ಮಸಾಲಾ ಡಿಸ್ಕಿನ ಮ್ಯಾಲ ತ್ಯಾಪಿ ಹಚ್ಚಿದಂಗ ಅಂಟತೈತಿ. ಆ ಜಾಗಾ ಮುಂದ ಹೆಚ್ಚ ಹಿಡೀತೈತಿ, ಹೆಚ್ಚ ಕಾಯ್ತೈತಿ. ಭಾಳ ಕಾದ್ರ ಎರಕದ ಕಬ್ಬಿಣದೊಳಗ ಸಿಮೆಂಟೈಟ್ ಅನ್ನೂ ಗಟ್ಟಿ ಕಲೆ ಹುಟ್ಟತೈತಿ. ಲೇಥ್ ಮ್ಯಾಲಿನ ಉಬ್ಬು ತಗೀತೈತಿ, ಗಟ್ಟಿ ಕಲೆ ಒಳಗ ಉಳೀತೈತಿ, ಸುತ್ತಲಿನದು ಸವದು ಅದು ಮತ್ತ ಎದ್ದು ನಿಲ್ಲತೈತಿ. ದಪ್ಪದಾಗ 0.02 ಮಿಮೀ ವ್ಯತ್ಯಾಸ ಇದ್ರೂ ಸ್ಟೇರಿಂಗಿಗೆ ಗೊತ್ತಾಗತೈತಿ.

ನೋಡೂ ಕ್ರಮ: ಡಿಸ್ಕ್ ಬಿಚ್ಚಿ ಹಬ್ ಮುಖದ ಜಂಗು ವೈರ್ ಬ್ರಶ್‌ನಿಂದ ತಗೀರಿ, ಮತ್ತ ಹಾಕಿ ಗಾಲಿ ಬೋಲ್ಟಿಲೇ ವಾಷರ್ ಕೊಟ್ಟು ಬಿಗೀರಿ, ಅಂಚಿನಿಂದ 10–15 ಮಿಮೀ ಒಳಗ ಡಯಲ್ ಗೇಜ್ ಹಚ್ಚಿ ತಿರುಗಸ್ರಿ. ಓಲಾಟ 0.05 ಮಿಮೀ ಒಳಗಿದ್ರ ಡಿಸ್ಕ್ ನೆಟ್ಟಗೈತಿ. ದಪ್ಪ ಎಂಟ ಜಾಗಾದಾಗ ಮೈಕ್ರೋಮೀಟರಿಲೇ ಅಳೀರಿ. ಕನಿಷ್ಠ ದಪ್ಪ ಡಿಸ್ಕಿನ ಮ್ಯಾಲ ಕೊರದಿರ್ತೈತಿ. ನಿಮ್ಮ ಮುಂದಿನ ಡಿಸ್ಕ್ ಹೊಸದಿದ್ದಾಗ 28 ಮಿಮೀ.

ಬಿರುಕು ತೂತಿನ ಸುತ್ತ ಸಣ್ಣದಾಗಿದ್ದು, ಉಗುರು ಎಳದ್ರ ಸಿಗದಿದ್ರ ಸದ್ಯ ಓಡಸಬಹುದು. ಉಗುರು ಸಿಕ್ಕೊಂತು, ಇಲ್ಲಾ ಒಂದ ತೂತಿನಿಂದ ಇನ್ನೊಂದಕ್ಕ ಬಿರುಕು ಕೂಡೇತಿ, ಇಲ್ಲಾ ಹೊರ ಅಂಚು ಮುಟ್ಟೇತಿ ಅಂದ್ರ ಅದ ದಿನ ತಗೀಬೇಕು. ಬದಲಿಸುವಾಗ ತೂತಿನ ಡಿಸ್ಕ್ ಬಿಟ್ಟು ಗೀರಿನದು ಇಲ್ಲಾ ಸಾದಾ ಮುಖದ್ದು ಹಾಕ್ರಿ, ಟ್ರ್ಯಾಕಿನ ಶಾಖಕ್ಕ ಬಿರುಕು ಶುರುವಾಗೂದ ತೂತಿಂದ. ಒಳಗಿನ ರೆಕ್ಕೆ ಬಾಗಿದ್ದಿದ್ರ ಎಡ ಬಲ ಬ್ಯಾರೆ ಇರ್ತಾವ. ಗಾಡಿ ಮುಂದ ಹೋಗೂವಾಗ ರೆಕ್ಕೆ ಮ್ಯಾಲ್ಭಾಗದಾಗ ಹಿಂದಕ್ಕ ವಾಲಿರಬೇಕು. ಗೀರು ನೋಡಿ ದಿಕ್ಕು ಹಿಡದವರು ಉಲ್ಟಾ ಹಾಕ್ತಾರ, ಗಾಳಿ ತಳ್ಳೂದ ನಿಂತುಬಿಡ್ತೈತಿ.

ಬೆಳಗಾವಿಯಾಗ ಫೌಂಡ್ರಿಗೆ ಬರ ಇಲ್ಲ, ಅದಕ್ಕ ಇದೂ ಹೇಳಿಬಿಡ್ತೇನಿ. "ಎಸ್‌ಜಿ ಐರನ್‌ದಾಗ ಗಟ್ಟಿ ಡಿಸ್ಕ್ ಎರದ ಕೊಡ್ತೇವಿ" ಅಂದ್ರ ಕೈ ಮುಗೀರಿ. ಡಿಸ್ಕಿಗೆ ಗ್ರೇ ಐರನ್ ಬೇಕು. ಅದರೊಳಗಿನ ಗ್ರಾಫೈಟ್ ಪದರ ಪದರ ಇರೂದಕ್ಕ ಶಾಖ ಬೇಗ ಹರೀತೈತಿ, ನಡುಕ ಹೀರ್ತೈತಿ. ಎಸ್‌ಜಿಯಾಗ ಗ್ರಾಫೈಟ್ ಗುಂಡಗ ಇರ್ತೈತಿ. ಜಗ್ಗಿದ್ರ ಗಟ್ಟಿ, ಶಾಖಕ್ಕ ಮಂದ.

ಘಟಪ್ರಭಾ_ಅಪೆಕ್ಸ್ (ಬಾಗಲಕೋಟೆ)

ಒಂದ ಪ್ಯಾಡಿನಾಗ ಎರಡೂ ಅನ್ನೂ ಆಸೆಗೆ ನನ್ನ ತಕರಾರು ಐತಿ.

ಗಟ್ಟಿ ರೇಸ್ ಪ್ಯಾಡ್ ಕಾದ ಮ್ಯಾಲ ಹಿಡೀತಾವ. ನಮ್ಮ ಕಡೆ ರೋಡಿನಾಗ ಬ್ರೇಕ್ ಬೇಕಾಗೂದು ತಣ್ಣಗಿದ್ದಾಗ. ಕಬ್ಬಿನ ಹಂಗಾಮಿನಾಗ ಹಿಂದ ಲೈಟ್ ಇಲ್ಲದ ಟ್ರಾಲಿ ರಾತ್ರಿ ಎದುರಿಗೆ ಬಂತಂದ್ರ ಮೊದಲನೇ ತುಳಿತಕ್ಕ ಗಾಡಿ ನಿಲ್ಲಬೇಕು. ಚೋರ್ಲಾದಾಗ ಜುಲೈ ಮಳಿಯಾಗ ಡಿಸ್ಕ್ ನೀರಾಗ ತೊಯ್ದು ತಣ್ಣಗಿರ್ತೈತಿ, ಅಲ್ಲಿ ರೇಸ್ ಪ್ಯಾಡ್ ಒಂದ ಕ್ಷಣ ಏನೂ ಹಿಡಿಯೂದಿಲ್ಲ. ಅದಕ್ಕ ಊರಿಗೆ ಕಂಪನಿ ಪ್ಯಾಡ, ಟ್ರ್ಯಾಕಿಗೆ ಬ್ಯಾರೆ ಸೆಟ್, ಅಲ್ಲೇ ಹೋಗಿ ಬದಲಿ. ಪಗಿಡ್ ಆರ್‌ಎಸ್‌ಎಲ್ 29 ಈ ಗಾಡಿಗೆ ಟ್ರ್ಯಾಕಿನಾಗ ಮಂದಿ ಭಾಳ ಹಾಕೂದು. ಹೆಚ್ಚು ಹೊತ್ತು ಬಾಳತೈತಿ, ಹಿಡಿತ ಸಮ ಇರ್ತೈತಿ, ಕೂಗು ಮಾತ್ರ ಜೋರು. ಬದಲಿಸೂ ತ್ರಾಸ ಬ್ಯಾಡ ಅಂದ್ರ ಫೆರೋಡೊ ಡಿಎಸ್ 2500 ನಡುವಿನದು. ಆದ್ರ ಬಿಸಿ ಸೆಷನ್ ಎಳದ್ರ ಅದು ಮೊದಲ ಸೋಲ್ತೈತಿ, ರೋಡಿನಾಗ ಕಿಚಗುಟ್ಟೂದು ಬ್ಯಾರೆ. ಯಾವುದ ಹಾಕ್ರಿ, ಮುಂದ-ಹಿಂದ ಒಂದ ಜಾತಿ ಹಾಕ್ರಿ. ಮುಂದ ಅಷ್ಟ ಗಟ್ಟಿ ಹಾಕಿದ್ರ ಹಿಂದಿನ ಗಾಲಿ ದುಡಿಯೂದ ಇಲ್ಲ.

ಬದಲಿ ಕೆಲಸ ಸರಳ. ಪಿನ್ ತಟ್ಟಿ ಸ್ಪ್ರಿಂಗ್ ತಗದ್ರ ಪ್ಯಾಡ್ ಮ್ಯಾಲಿಂದ ಬರ್ತಾವ. ಕಂಪನಿ ಪ್ಯಾಡಿನ ಬೆನ್ನಿಗಿರೂ ನಡುಕ ತಡಿಯೂ ಬಿಲ್ಲೆ ಪಿಸ್ಟನ್ನಿಗೆ ಅಂಟಿಕೊಂಡಿರ್ತಾವ, ಜೋರಲೇ ಎಬ್ಬಿಸಬ್ಯಾಡ್ರಿ, ತೆಳು ಪಟ್ಟಿ ಒಳಗ ಹಾಕಿ ನಿಧಾನ ಬಿಡಿಸ್ರಿ. ಪಿಸ್ಟನ್ ಹಿಂದ ದೂಡೂವಾಗ ಡಬ್ಬಿ ತುಂಬಿ ಚೆಲ್ಲತೈತಿ, ಮೊದಲ ಸ್ವಲ್ಪ ಎಳದಿಡ್ರಿ. ರೇಸ್ ಪ್ಯಾಡಿಗೆ ಸೆನ್ಸರ್ ಜಾಗಾ ಇರದಿದ್ರ ಸೆನ್ಸರ್ ವೈರ್ ಕತ್ತರಿಸಬ್ಯಾಡ್ರಿ, ಡಿಸ್ಕಿಂದ ದೂರ ಟೈ ಹಾಕಿ ಕಟ್ಟಿರಿ. ಗಾಲಿ ಬೋಲ್ಟ್ 160 ಎನ್‌ಎಂ, ಟಾರ್ಕ್ ಪಾನಾದಿಂದ, ಎದುರು-ಬದುರು. 50 ಕಿಮೀ ಓಡಿದ ಮ್ಯಾಲ ಮತ್ತೊಮ್ಮೆ.

ನಿಮ್ಮ 6 ಮಿಮೀ ಪ್ಯಾಡ್ ಊರಿಗೆ ಸಾಕು, ಟ್ರ್ಯಾಕಿಗೆ ಒಯ್ಯಬ್ಯಾಡ್ರಿ. ಪ್ಯಾಡ್ ತೆಳುವಾದಷ್ಟೂ ಶಾಖ ಪಿಸ್ಟನ್ ದಾಟಿ ಆಯಿಲಿಗೆ ಹೋಗ್ತೈತಿ. ಆಯಿಲ್ ಕುದಿಯಾಕ ಇದೂ ಒಂದ ಕಾರಣ ಇರಬೇಕು.

ಘಾಟಿ ಇಳಿಯೂದು ಬ್ಯಾರೆ ಲೆಕ್ಕ. 1,450 ಕೆಜಿ ಗಾಡಿ 100 ಮೀಟರ್ ಎತ್ತರ ಇಳದ್ರ 1.4 ಮೆಗಾಜೂಲ್. ಟಾರ್ಕ್ ಅವರು ಹೇಳಿದ ಟ್ರ್ಯಾಕ್ ಬ್ರೇಕಿಂಗಿಗೆ ಹತ್ರ ಹತ್ರ ಅಷ್ಟ, ಆದ್ರ ನಿಮಿಷಗಟ್ಟಲೆ ಹರಡಿ ಬರ್ತೈತಿ. ಪಿಡಿಕೆ ಮ್ಯಾನುಯಲ್‌ಗೆ ಹಾಕಿ ಎರಡು-ಮೂರನೇ ಗೇರಿನಾಗ ಇಳೀರಿ, ಬ್ರೇಕ್ ಮ್ಯಾಲ ಸದಾ ಕಾಲಿಟ್ಟು ಬರಬ್ಯಾಡ್ರಿ. ಅಲ್ಲಿಗೆ ಯಾವ ಕಿಟ್ಟೂ ಬೇಕಾಗಿಲ್ಲ.

ಟಿಳಕವಾಡಿ_ಫ್ಲಾಟ್‌ಫೋರ್

ಭಾಳ ಉಪಕಾರ ಆತ್ರಿ. ಉಗುರಿನ ಪರೀಕ್ಷಾ ಮಾಡಿದೆ, ಮುಂದಿನ ಎಡ ಡಿಸ್ಕಿನಾಗ ಎರಡ ಕಡೆ ಸಿಕ್ಕೊಳ್ತೈತಿ, ಜೋಡಿ ಬದಲಿಸ್ತೇನಿ. ಹೆಂಗೂ ಡಿಸ್ಕ್ ತಗೊಳ್ಳೂದೈತಿ ಅಂದ್ರ 718 ಎಸ್‌ನ (ಇದ ಗಾಡಿಯ ಹೆಚ್ಚು ಜೋರಿನ ಮಾಡೆಲ್) ಮುಂದಿನ ಬ್ರೇಕ್ ಹಾಕಿದ್ರ ಹೆಂಗ? ಮತ್ತ ಹೊಸ ಪ್ಯಾಡ್ ಕೂಡಿಸೂದು, ಅಂದ್ರ ಮತ್ತ ಮತ್ತ ಬ್ರೇಕ್ ಹಾಕಿ ಡಿಸ್ಕಿಗೆ ಹೊಂದಿಸೂದು, ಕಿತ್ತೂರ ಕಡೆ ಹೈವೇದಾಗ ಮಾಡಬಹುದೇನ್ರಿ?

ಗುಮ್ಮಟನಗರಿ_ಟಾರ್ಕ್

ಎಸ್ ವಿಚಾರ 355ರ ಕಿಟ್‌ಗಿಂತ ಶಾಣ್ಯಾತನದ್ದು. ಅದರ ಮುಂದಿನ ಡಿಸ್ಕ್ ಅದೇ 330 ಮಿಮೀ, ದಪ್ಪ ಮಾತ್ರ 34. 6 ಮಿಮೀ ಹೆಚ್ಚು ಕಬ್ಬಿಣ ಅಂದ್ರ ಅಷ್ಟು ಶಾಖ ಹಿಡಿಯೂ ತಾಕತ್ತು ಹೆಚ್ಚು. ಆದ್ರ ನಿಮ್ಮ ಕ್ಯಾಲಿಪರಿನಾಗ 34 ಕೂಡೂದಿಲ್ಲ, ಕ್ಯಾಲಿಪರ್ ಸಹಿತ ಬದಲಿಸಬೇಕು. ತಗೊಳ್ಳೂ ಮುಂಚೆ ಎರಡರ ಪಿಸ್ಟನ್ ವ್ಯಾಸ ಹೋಲಿಸ್ರಿ. ಬ್ರೇಕಿನ ಟಾರ್ಕ್ ಅಂದ್ರ ಆಯಿಲ್ ಒತ್ತಡ, ಪಿಸ್ಟನ್ ಕ್ಷೇತ್ರ, ಪ್ಯಾಡ್ ಹಿಡಿತ, ಡಿಸ್ಕಿನ ತ್ರಿಜ್ಯ, ಇವುಗಳ ಗುಣಾಕಾರ. ಮುಂದ ಅಷ್ಟೇ ಪಿಸ್ಟನ್ನೂ ತ್ರಿಜ್ಯನೂ ಹೆಚ್ಚಿಸಿದ್ರ ಮುಂದಿನ ಗಾಲಿ ಬೇಗ ಎಬಿಎಸ್‌ಗೆ ಹೋಗಿ ಹಿಂದಿನವು ಸುಮ್ಮನ ಕೂಡ್ತಾವ, ನಿಲ್ಲೂ ದೂರ ಹೆಚ್ಚಾಗಲಿಕ್ಕೂ ಸಾಕು. ಈ ಗಾಡಿಗೆ ಎಂಜಿನ್ ನಡುವ ಅದ, ಹಿಂದಿನ ಗಾಲಿ ಮ್ಯಾಲ ತೂಕ ಜಾಸ್ತಿ, ಆ ಹಿಡಿತ ಬಿಟ್ಟುಕೊಡೂದು ಶುದ್ಧ ನಷ್ಟ. ಒಂದು ತುಳಿತಕ್ಕ ಎಬಿಎಸ್ ಬರ್ತದಂದ್ರ ಕಡೀ ಮಿತಿ ಟೈರಿನದು, ಕ್ಯಾಲಿಪರಿಂದಲ್ಲ.

ಅದಕ್ಕೂ ಮೊದಲು ಕಡಿಮಿ ರೊಕ್ಕದ ಕೆಲಸ ಒಂದದ: ಜಿಟಿ4ರ (ಕೇಮನ್‌ದ ಟ್ರ್ಯಾಕ್ ಮಾಡೆಲ್) ಗಾಳಿ ತಿರುಗಿಸೂ ಪ್ಲಾಸ್ಟಿಕ್ ರೆಕ್ಕೆ. ಸಸ್ಪೆನ್ಶನ್ ತೋಳಿಗೆ ಕೂಡ್ತದ, ಕೆಳಗಿನ ಗಾಳಿ ಡಿಸ್ಕಿನ ಕಡೆ ತಿರುಗಿಸ್ತದ. ಊರಿನ ರೋಡ್ ಹಂಪ್‌ಗೆ ತಾಗಿ ಮುರೀಬಹುದು, ಅದಕ್ಕ ಅಗ್ಗದ್ದೇ ಛಲೋ. ಡಿಸ್ಕಿನ ಹಿಂದಿನ ತಗಡು ಪೂರ್ತಿ ಕಿತ್ತು ಬಿಸಾಡೂ ಉಪಾಯ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಬಾಲ್ ಜಾಯಿಂಟಿನ ರಬ್ಬರ್, ಎಬಿಎಸ್ ವೈರ್ ಸುಡ್ತಾವ.

ಘಟಪ್ರಭಾ_ಅಪೆಕ್ಸ್

ಹೈವೇದಾಗ ಬ್ಯಾಡ್ರಿ. 110ರಿಂದ 30ಕ್ಕ ಹತ್ತ ಸಲ ಇಳಿಸೂದು ಅಂದ್ರ ಹಿಂದಿನ ಲಾರಿಯವಂಗ ನಿಮ್ಮ ವಿಚಾರ ಗೊತ್ತಿರೂದಿಲ್ಲ. ಊರಿನ ಪ್ಯಾಡ್ ಆದ್ರ ಖಾಲಿ ರೋಡಿನಾಗ 60ರಿಂದ 20ಕ್ಕ ಮಿದುವಾಗಿ ಹತ್ತ-ಹನ್ನೆರಡು ಸಲ, ನಡುವ ಅರ್ಧ ನಿಮಿಷ ಓಡಿಸಿ ಆರಿಸಿದ್ರ ಸಾಕು. ರೇಸ್ ಪ್ಯಾಡ್ ಟ್ರ್ಯಾಕಿನ ಮೊದಲ ಸೆಷನ್‌ನಾಗ ಕೂಡಿಸ್ರಿ. ಒಂದ ಲ್ಯಾಪ್ ಬೆಚ್ಚಗ ಮಾಡಿ, ಎರಡ ಲ್ಯಾಪ್ ಏರಿಸುತ್ತ ಹೋಗಿ, ಎಲ್ಲೂ ಪೂರ್ತಿ ನಿಲ್ಲದ, ಒಂದ ಲ್ಯಾಪ್ ಬ್ರೇಕ್ ಮುಟ್ಟದ ಆರಿಸಿ ಒಳಗ ಬರ್ರಿ. ಡಿಸ್ಕ್ ಆರೂ ತನಕ ಬಿಡ್ರಿ, ಎರಡನೇ ಸೆಷನ್‌ನಿಂದ ಜೋರು. ಹಳೇ ಪ್ಯಾಡಿನ ಪದರ ಡಿಸ್ಕ್ ಮ್ಯಾಲ ಇರೂದಕ್ಕ ಊರಿಗೆ ವಾಪಸ್ ಬಂದಾಗ ಇನ್ನೊಂದ ಸಲ ಕೂಡಿಸೂದು ಬೇಕು.

ಪಿಟ್‌ನಾಗ ಪಾರ್ಕಿಂಗ್ ಬ್ರೇಕ್ ಒತ್ತಬ್ಯಾಡ್ರಿ, ಬ್ರೇಕ್ ತುಳದು ನಿಲ್ಲಬ್ಯಾಡ್ರಿ. ಪಿ ಗೇರ್ ಹಾಕಿ ಗಾಲಿಗೆ ಅಡ್ಡಗಟ್ಟಿ ಕೊಡ್ರಿ, ಎರಡ ನಿಮಿಷಕ್ಕ ಅರ್ಧ ಗಾಲಿ ಮುಂದ ದೂಡ್ರಿ. ಪಿಎಸ್‌ಎಂ (ಗಾಡಿ ಜಾರದಂಗ ತಡಿಯೂ ಎಲೆಕ್ಟ್ರಾನಿಕ್ ವ್ಯವಸ್ಥೆ) ಪೂರ್ತಿ ಆನ್ ಇಟ್ಟು ಅಡ್ಡಾದಿಡ್ಡಿ ಓಡಿಸಿದ್ರ ಅದು ಹಿಂದಿನ ಬ್ರೇಕ್ ಹಿಡಕೊಂಡ ಗಾಡಿ ನೆಟ್ಟಗ ಇಡ್ತೈತಿ. ಹಿಂದಿನ ಪ್ಯಾಡ್ ಬೇಗ ಸವದ್ರ ಕಾರಣ ಅದ. ವಿಮಾ ಪಾಲಿಸಿನೂ ಓದ್ರಿ. ಖಾಸಗಿ ಕಾರಿನ ಪಾಲಿಸಿಯಾಗ ರೇಸಿಂಗ್, ವೇಗ ಪರೀಕ್ಷೆ ಹೊರಗಿಟ್ಟಿರ್ತಾರ.

ಉದ್ಯಮಬಾಗ_ಎರಕ

ಎಸ್ ಬ್ರೇಕಿಗೆ ರೊಕ್ಕ ಹಾಕೂ ಮೊದಲ ಶಾಖ ಅಳೀರಿ. ಡಿಸ್ಕಿನ ಹೊರ ಅಂಚಿಗೆ ಹಚ್ಚೂ ಶಾಖದ ಪೇಂಟ್ ಮೂರ ಬಣ್ಣದಾಗ ಸಿಗತೈತಿ: ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕ, ಕೆಂಪು 610ಕ್ಕ ಬಣ್ಣ ಬಿಡ್ತೈತಿ. ಪಿಟ್‌ಗೆ ಬಂದ ಮ್ಯಾಲ ಶಾಖ ಅಳಿಯೂ ಗನ್ ಹಿಡದು ನೋಡಿದ್ರ ಅಷ್ಟೊತ್ತಿಗೆ ಡಿಸ್ಕ್ ಆರಿರ್ತೈತಿ, ಆ ಅಂಕಿ ನಂಬಬ್ಯಾಡ್ರಿ. ಹೊಸ 28 ಮಿಮೀ ಡಿಸ್ಕ್, ಆರ್‌ಬಿಎಫ್ 600, ಟ್ರ್ಯಾಕ್ ಪ್ಯಾಡ್ ಹಾಕಿ ಒಂದ ದಿನ ಓಡಸ್ರಿ. ಹಸಿರು ಅಷ್ಟ ಹೋಗಿದ್ರ ಇದ್ದದ್ದ ಸಾಕು. ಕಿತ್ತಳೆ ಹೋಗಿದ್ರ ಗಾಳಿ ರೆಕ್ಕೆ ಹಾಕ್ರಿ. ರೆಕ್ಕೆ ಹಾಕಿದ ಮ್ಯಾಲೂ ಕೆಂಪು ಹೋದ್ರ 34 ಮಿಮೀ ಡಿಸ್ಕ್ ತರಸ್ರಿ.